ಕಾಂಗ್ಲಾಮರೇಟಾ, ಬ್ರೆಚಿಯಾನಾ? ನಾನು ನೋಡುವ ರೀತಿ

ದೂರದಿಂದ ನೋಡಿದರೆ ಈ ಎರಡು ಬಗೆಯ ಕಲ್ಲೂ ಹಳೇ ಕಾಂಕ್ರೀಟಿನ ಹಾಗೇ ಕಾಣುತ್ತವೆ. 2 ಮಿಲಿಮೀಟರಿಗಿಂತ ದಪ್ಪನೆಯ ಚೂರುಗಳು, ಸಂದಿಯಲ್ಲಿ ಮರಳೋ ಜೇಡಿಯೋ ತುಂಬಿ ಗಟ್ಟಿಯಾಗಿರುತ್ತದೆ. ಚೂರುಗಳ ಮೂಲೆ ಸವೆದಿದ್ದರೆ ಕಾಂಗ್ಲಾಮರೇಟ್, ಚೂಪಾಗೇ ಉಳಿದಿದ್ದರೆ ಬ್ರೆಚಿಯಾ. ಪುಸ್ತಕದಲ್ಲಿ ಇಷ್ಟೇ.

ನನಗೆ ಕಣ್ಣು ಪಳಗಿದ್ದು ಬಾಗಲಕೋಟೆ ಕಡೆ, ಕಲಾದಗಿ ಬೇಸಿನ್ನಿನಲ್ಲಿ, ಅಂದರೆ ಹಿಂದೆ ಮಣ್ಣು ಮರಳು ತುಂಬಿ ಪದರ ಪದರವಾಗಿ ಕಲ್ಲಾದ ತಗ್ಗಿನಲ್ಲಿ. ಅಲ್ಲಿ ತಳದಲ್ಲಿ ಕಾಂಗ್ಲಾಮರೇಟ್ ಇದೆ, ಮಹಾಕೂಟದ ಹತ್ತಿರ ಚರ್ಟ್ (ಸಿಲಿಕಾದ ಗಟ್ಟಿ ಕಲ್ಲು) ಚೂರುಗಳ ಬ್ರೆಚಿಯಾ ಇದೆ. ಎರಡನ್ನೂ ಹೋಲಿಸಿ ನೋಡಬಹುದು.

ಮೊದಲು ಬಂಡೆಗೆ ನೀರು ಹಾಕಿ ಧೂಳು ತೊಳೆಯುತ್ತೇನೆ. ಚೂರುಗಳ ಅಂಚು ಆಗಲೇ ಎದ್ದು ಕಾಣುವುದು. ಚೂರು ಗುಂಡಗಿದೆಯಾ ಅಂತ ನೋಡುವುದಿಲ್ಲ, ಮೂಲೆ ಸವೆದಿದೆಯಾ ಅಂತ ನೋಡುತ್ತೇನೆ. ಚಪ್ಪಟೆ ಕಲ್ಲಾದರೂ ಅಂಚು ನುಣ್ಣಗಿದ್ದರೆ ಅದು ಸವೆದ ಕಲ್ಲೇ. ಹೊಸಬರು ಜಾಸ್ತಿ ಎಡವುವುದು ಇಲ್ಲೇ.

ಆಮೇಲೆ ಚೂರು ಯಾವ ಕಲ್ಲು ಅಂತ ನೋಡಬೇಕು. ಚಾಕುವಿನಿಂದ ಗೀರುತ್ತೇನೆ, ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಬಿಡುತ್ತೇನೆ. ಸುಣ್ಣದ ಕಲ್ಲು ಬುಸ್ ಅಂತ ನೊರೆ ಬರಿಸುತ್ತದೆ. ಚರ್ಟ್ ಸುಮ್ನೆ ಇರುತ್ತದೆ, ಚಾಕುವಿಗೂ ಜಗ್ಗುವುದಿಲ್ಲ. ಇದು ಯಾಕೆ ಬೇಕು ಅಂದರೆ, ಸುಣ್ಣದ ಕಲ್ಲು ಹೊಳೆಯಲ್ಲಿ ಬೇಗ ಸವೆಯುತ್ತದೆ, ಚರ್ಟ್ ಸವೆಯಲು ಬಹಳ ದೂರ ಉರುಳಬೇಕು. ಹಾಗಾಗಿ ಸುಣ್ಣದ ಕಲ್ಲಿನ ಮೂಲೆ ಚೂಪಾಗಿದ್ದರೆ ಅದು ಹುಟ್ಟಿದ ಜಾಗದ ಪಕ್ಕದಲ್ಲೇ ಬಿದ್ದಿದೆ ಅಂತ ಧೈರ್ಯವಾಗಿ ಹೇಳಬಹುದು. ಚರ್ಟಿನ ಚೂಪು ಮೂಲೆಯನ್ನು ನಾನು ಅಷ್ಟು ನಂಬುವುದಿಲ್ಲ.

ನಂಬದೆ ಏನು ಮಾಡುವುದು? ಅಕ್ಕಪಕ್ಕದ ಎರಡು ಚೂರುಗಳ ಅಂಚು ಒಂದಕ್ಕೊಂದು ಹೊಂದುತ್ತದಾ ನೋಡುತ್ತೇನೆ. ಒಂದರಲ್ಲಿರುವ ಪಟ್ಟೆ ಇನ್ನೊಂದರಲ್ಲೂ ಮುಂದುವರಿದರೆ, ಕಲ್ಲು ಇದ್ದಲ್ಲೇ ಒಡೆದಿದೆ, ನೀರು ಹೊತ್ತು ತಂದಿದ್ದಲ್ಲ. ಕೆಳಗಿನ ಪದರ ಕರಗಿ ಮೇಲಿನದು ಕುಸಿದಿರಬಹುದು. ಇಲ್ಲಾ, ಫಾಲ್ಟ್, ಅಂದರೆ ನೆಲದೊಳಗಿನ ಬಿರುಕಿನ ಎರಡು ಬದಿ, ಜರುಗಿದಾಗ ಪುಡಿಯಾಗಿರಬಹುದು. ಫಾಲ್ಟಿನದಾದರೆ ಸಾಮಾನ್ಯವಾಗಿ ಪದರಗಳನ್ನು ಅಡ್ಡ ಕತ್ತರಿಸುವ ಪಟ್ಟಿಯಾಗಿ ಹೋಗುತ್ತದೆ, ಅದನ್ನು ಸೆಡಿಮೆಂಟರಿ (ಮಣ್ಣು, ಮರಳು, ಚೂರು ಬಂದು ಕೂತು ಗಟ್ಟಿಯಾದ ಕಲ್ಲು) ಲೆಕ್ಕಕ್ಕೆ ಸೇರಿಸಬಾರದು. ಬ್ರೆಚಿಯಾ ಅಂದ ತಕ್ಷಣ ಸೆಡಿಮೆಂಟರಿ ಅಂದುಕೊಳ್ಳುವವರು ಜಾಸ್ತಿ, ಅಲ್ವಾ? ಜ್ವಾಲಾಮುಖಿಯ ಬ್ರೆಚಿಯಾ ಕೂಡ ಇದೆ.

ಚಿತ್ರದುರ್ಗದ ಕಡೆ ತಾಳ್ಯ ಕಾಂಗ್ಲಾಮರೇಟಿನದು ಬೇರೆಯೇ ತಕರಾರು. ಅಲ್ಲಿ ಭೂಮಿಯ ಒತ್ತಡಕ್ಕೆ ಸಿಕ್ಕಿ ಉರುಟು ಕಲ್ಲುಗಳೇ ಎಳೆದ ಹಾಗೆ ಉದ್ದವಾಗಿವೆ. ಒಂದೇ ಮುಖ ನೋಡಿದರೆ ತುದಿ ಚೂಪು ಅನಿಸಿಬಿಡುತ್ತದೆ. ಉದ್ದಕ್ಕೂ ಅಡ್ಡಕ್ಕೂ ಎರಡು ಮುಖ ನೋಡದೆ ಅಲ್ಲಿ ನಾನು ನೋಟ್‌ಬುಕ್ಕಿನಲ್ಲಿ ಹೆಸರು ಬರೆಯುವುದಿಲ್ಲ.