ಪುಸ್ತಕದ ಒಳಪುಟದ ನಿರ್ಬಂಧವನ್ನು ಓದುವ ಬಗೆ

ಓದಿ ಮುಗಿಸಿದ ಪುಸ್ತಕಗಳನ್ನು ಮಾರುವ ಮುನ್ನ, ಅಥವಾ ಬಡಾವಣೆಯಲ್ಲಿ ಬಾಡಿಗೆ ಗ್ರಂಥಾಲಯ ತೆರೆಯುವ ಮುನ್ನ, ಹಕ್ಕುಸ್ವಾಮ್ಯದ ಪುಟವನ್ನು ಕೊನೆಯವರೆಗೆ ಓದಿರಿ. ಪ್ರಕಾಶಕರ ಒಪ್ಪಿಗೆಯಿಲ್ಲದೆ ಎರವಲು ಕೊಡಬಾರದು, ಮರುಮಾರಾಟ ಮಾಡಬಾರದು, ಬಾಡಿಗೆಗೆ ನೀಡಬಾರದು ಎಂಬ ಒಕ್ಕಣೆ ಅನೇಕ ಇಂಗ್ಲಿಷ್ ಪುಸ್ತಕಗಳಲ್ಲಿರುತ್ತದೆ. ಅಷ್ಟಕ್ಕೇ ನಿಲ್ಲಿಸಿದವರು ಹೆದರುತ್ತಾರೆ. ಆದರೆ ಅದೇ ವಾಕ್ಯದ ಮುಂದಿನ ಭಾಗದಲ್ಲಿ, ಪ್ರಕಟವಾದಾಗ ಇದ್ದ ಮುಖಪುಟ ಮತ್ತು ರಟ್ಟನ್ನು ಬಿಟ್ಟು ಬೇರೆ ರೂಪದಲ್ಲಿ ಹಾಗೆ ಮಾಡಬಾರದು ಎಂದಿರುತ್ತದೆ. ಪುಸ್ತಕವನ್ನು ಇದ್ದ ರೂಪದಲ್ಲೇ ಗೆಳೆಯರಿಗೆ ಕೊಡುವುದನ್ನು ಆ ಮಾತು ತಡೆಯುವುದಿಲ್ಲ. ಗ್ರಂಥಾಲಯದವರು ಸವೆದ ಪ್ರತಿಗೆ ಗಟ್ಟಿ ಬೈಂಡಿಂಗ್ ಮಾಡಿಸುವಾಗ ಮೂಲ ಮುಖಪುಟವನ್ನು ಒಳಗೇ ಉಳಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕಾನೂನಿನ ಮಾತು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 14ನೇ ಕಲಮು ಸಾಹಿತ್ಯ ಕೃತಿಯ ಪ್ರತಿಗಳನ್ನು ಸಾರ್ವಜನಿಕರಿಗೆ ಒದಗಿಸುವ ಹಕ್ಕನ್ನು ಹಕ್ಕುದಾರರಿಗೆ ಕೊಡುತ್ತದೆಯಾದರೂ, ಆಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಅದರಿಂದ ಹೊರಗಿಡುತ್ತದೆ. ಒಮ್ಮೆ ಮಾರಾಟವಾದ ಪ್ರತಿಯನ್ನು ಚಲಾವಣೆಯಲ್ಲಿರುವ ಪ್ರತಿಯೆಂದೇ ಪರಿಗಣಿಸಬೇಕೆಂದು ಅದರ ವಿವರಣೆ ಹೇಳುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ ಕೊಂಡು ಓದಿದ ವಿದ್ಯಾರ್ಥಿಗಳು ಯಾರ ಹಕ್ಕನ್ನೂ ಕಸಿದವರಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕೆನಿಸುತ್ತದೆ. ಅಮೆರಿಕದಲ್ಲಿಯೂ ಬಾಬ್ಸ್-ಮೆರಿಲ್ ಪ್ರಕಾಶನವು ಒಂದು ಡಾಲರಿಗಿಂತ ಕಡಿಮೆಗೆ ಮಾರಬಾರದೆಂದು ಪುಸ್ತಕದಲ್ಲೇ ಅಚ್ಚು ಹಾಕಿಸಿದ್ದಾಗ, ಮೇಸೀಸ್ ಮಳಿಗೆ ಅದನ್ನು 89 ಸೆಂಟಿಗೆ ಮಾರಿತು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಳಿಗೆಯ ಪರವಾಗಿ ತೀರ್ಪು ನೀಡಿತು.

ಈ ಸ್ವಾತಂತ್ರ್ಯಕ್ಕೆ ಎಲ್ಲೆಗಳಿವೆ. ಅದು ಕೈಯಲ್ಲಿರುವ ಪ್ರತಿಗೆ ಮಾತ್ರ ಸಲ್ಲುತ್ತದೆ. ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ಮಾರಲು ಅನುಮತಿಯಾಗದು. ಪಾದಚಾರಿ ಮಾರ್ಗದಲ್ಲಿ ಸಿಗುವ ನಕಲಿ ಮುದ್ರಣಗಳನ್ನು ಕೊಂಡು ಮರುಮಾರಾಟ ಮಾಡುವುದು ಕೂಡ ಉಲ್ಲಂಘನೆಯೇ. ಆದ್ದರಿಂದ ಸಗಟಾಗಿ ಹಳೆಯ ಪುಸ್ತಕ ಕೊಳ್ಳುವಾಗ ಕಾಗದ, ಅಚ್ಚು ಮತ್ತು ಹೊಲಿಗೆಯನ್ನು ಪರೀಕ್ಷಿಸಿ, ರಸೀದಿಯನ್ನು ಇಟ್ಟುಕೊಳ್ಳಿರಿ. ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುವ ಅಗ್ಗದ ಆವೃತ್ತಿಗಳನ್ನು ವ್ಯಾಪಾರಕ್ಕಾಗಿ ಹೊರದೇಶಕ್ಕೆ ಕಳುಹಿಸಬೇಡಿರಿ. ಹಾಗೆ ಮಾರುತ್ತಿದ್ದವರನ್ನು 2010ರಲ್ಲಿ ದೆಹಲಿ ಹೈಕೋರ್ಟ್ ತಡೆದಿದೆ.

ಅಧ್ಯಾಪಕರಿಗೆ ಉಚಿತವಾಗಿ ಬರುವ ಮಾದರಿ ಪ್ರತಿಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕಾಯ್ದೆಯ ವಿವರಣೆ ಮಾರಾಟವಾದ ಪ್ರತಿಯ ಬಗ್ಗೆ ಮಾತನಾಡುತ್ತದೆ, ಇವು ಮಾರಾಟವಾದವುಗಳಲ್ಲ. ಇವನ್ನು ಮಾರುವ ಬದಲು ಕಾಲೇಜಿನ ಗ್ರಂಥಾಲಯಕ್ಕೆ ಕೊಡುವುದೇ ಸರಿಯೆಂದು ನನ್ನ ಅಭಿಪ್ರಾಯ.