ಅಂಕ ಹಾಕದ ಚೀಟಿ ಪರೀಕ್ಷೆ: ನನ್ನ ಅನುಭವ

ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳ್ತೇನೆ. ಹತ್ತನೇ ತರಗತಿಯಲ್ಲಿ ಮೂವತ್ತು ಚಿಲ್ಲರೆ ಮಕ್ಕಳು. ಶನಿವಾರದ ಚೀಟಿ ಪರೀಕ್ಷೆಗೆ (ಕಾಲು ಹಾಳೆಯ ಮೇಲೆ ಬರೆಸುವ ಸಣ್ಣ ಪರೀಕ್ಷೆ) ಅಂಕ ಹಾಕೋದಿಲ್ಲ ಅಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಅಂಕ ಇಲ್ಲ ಅಂದ್ರೆ ಹುಡುಗ್ರು ಪೆನ್ನು ಮುಟ್ಟಲ್ಲ ಮೇಷ್ಟ್ರೇ" ಅಂದರು. ಈಗ ಅದೇ ಪದ್ಧತಿಗೆ ಮೂರು ವರ್ಷ ತುಂಬಿದೆ, ಅದಕ್ಕೇ ಬರೀತಿದ್ದೇನೆ.

ಮೊದಲು ಕೆಟ್ಟದ್ದನ್ನು ಹೇಳಿಬಿಡುತ್ತೇನೆ. ಈ ಪದ್ಧತಿಗೆ ಹಿಂದಿನ ವರ್ಷ, ಅಂಕ ಹಾಕುತ್ತಲೇ, ವಾರಕ್ಕೊಂದು ಪೂರ್ತಿ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ ಒಂಬತ್ತು, ಹತ್ತು ಎರಡಕ್ಕೂ ಕೊಟ್ಟೆ. ವಾರಕ್ಕೆ ಇನ್ನೂರೈವತ್ತು ರೂಪಾಯಿ ನನ್ನ ಜೇಬಿನಿಂದಲೇ. ಹತ್ತು ವಾರಕ್ಕೆ ಎರಡೂವರೆ ಸಾವಿರ ಹೋಯಿತು. ಜುಲೈನಲ್ಲಿ ಮಳೆ ಹಿಡಿದು ಮೂರು ದಿನ ಕರೆಂಟಿಲ್ಲ, ಜೆರಾಕ್ಸ್ ಅಂಗಡಿ ಬಂದ್. ತಂದಿಟ್ಟ ಹಾಳೆಯೂ ಥಂಡಿಗೆ ಮೆತ್ತಗಾಗಿ ಇಂಕು ಹರಡುತ್ತಿತ್ತು. ಇವೆಲ್ಲಕ್ಕಿಂತ ದೊಡ್ಡ ತಪ್ಪು ನನ್ನದೇ: ಅಂಕವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಆಗಸ್ಟ್ ಹೊತ್ತಿಗೆ ಶನಿವಾರ ಬಂತೆಂದರೆ ಏಳೆಂಟು ಮಕ್ಕಳು ಗೈರು, ಅದೂ ನಾನು ಯಾರಿಗಾಗಿ ಪರೀಕ್ಷೆ ಇಟ್ಟಿದ್ದೆನೋ ಅವರೇ. ಆ ವರ್ಷ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 80ಕ್ಕೆ 28 ದಾಟದವರು ಒಂಬತ್ತು ಜನ.

ಮರುವರ್ಷ ಅದೆಲ್ಲ ಬಿಟ್ಟು ಎ4 ಹಾಳೆ ನಾಲ್ಕು ತುಂಡು ಮಾಡಿದೆ. ಬೋರ್ಡಿನ ಮೇಲೆ ಐದು ಪ್ರಶ್ನೆ, ಇಪ್ಪತ್ತು ನಿಮಿಷ. ಎರಡು ಈ ವಾರದ ಪಾಠದ್ದು, ಇನ್ನೆರಡು ಒಂದು ತಿಂಗಳ ಹಿಂದಿನ ಪಾಠದ್ದು. ಐದನೆಯದನ್ನು ಎಲ್ಲಿಂದ ಆರಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಒಂದು ತರಗತಿಗೆ ವರ್ಷಕ್ಕೆ ಅರ್ಧ ರೀಮ್ ಸಾಕು, ನೂರೈವತ್ತು ರೂಪಾಯಿ ಇರಬಹುದು. ಚೀಟಿ ಮೇಲೆ ಅಂಕ ಇಲ್ಲ, ತಪ್ಪಿದ ಸಾಲಿನ ಕೆಳಗೆ ಒಂದು ಗೆರೆ ಮಾತ್ರ. ಸೋಮವಾರ ಮಗು ಆ ಸಾಲನ್ನು ತಾನೇ ತಿದ್ದಬೇಕು. ಯಾರ ತಪ್ಪು ಯಾವುದು ಅಂತ ನನ್ನ 'ತಪ್ಪಿನ ಪುಸ್ತಕ'ದಲ್ಲಿ ಬರೆದಿಟ್ಟು, ಮೂರು ವಾರ ಬಿಟ್ಟು ಅದೇ ತಪ್ಪಿನ ಮೇಲೆ ಇನ್ನೊಂದು ಪ್ರಶ್ನೆ. ಮರುದಿನವೇ ಕೇಳಿದರೆ ಎಲ್ಲರೂ ಸರಿ ಮಾಡುತ್ತಾರೆ, ಅದರಿಂದ ನನಗೇನೂ ತಿಳಿಯೋದಿಲ್ಲ.

ಪ್ರಶ್ನೆಯ ಅಂಕಿ ಆರಿಸೋದರಲ್ಲೇ ಅರ್ಧ ಕೆಲಸ ಇದೆ. ವರ್ಗ ಸಮೀಕರಣಕ್ಕೆ ಎ 2, ಬಿ 5, ಸಿ ಋಣ 3 ಕೊಟ್ಟೆ. ಶೋಧಕ, ಅಂದರೆ ಬಿ ವರ್ಗದಿಂದ 4ಎಸಿ ಕಳೆದದ್ದು, 25 + 24 = 49 ಬರಬೇಕು. ಚಿಹ್ನೆ ತಪ್ಪಿದವರಿಗೆ 25 − 24 = 1. ಎರಡಕ್ಕೂ ವರ್ಗಮೂಲ ಸಲೀಸು, ಹಾಗಾಗಿ ತಪ್ಪಿದವರಿಗೆ ಅನುಮಾನವೇ ಬರಲಿಲ್ಲ. ಹದಿನೆಂಟು ಚೀಟಿಯಲ್ಲಿ 1 ಇತ್ತು! ಸೂತ್ರ ಎಲ್ಲರಿಗೂ ಬಾಯಿಪಾಠ. ಗೊತ್ತಿಲ್ಲದ್ದು ಏಳನೇ ತರಗತಿಯ ಋಣ ಸಂಖ್ಯೆ. ಹಿಂದಿನ ತರಗತಿಗಳ ಪಾಠ ನೆನಪಿಸುವ ಜೂನ್‌ನ ಸೇತುಬಂಧದ ಪರೀಕ್ಷೆಯಲ್ಲಿ ಇದೇ ಮಕ್ಕಳು ಪಾಸಾಗಿದ್ದರು. ವರ್ಗ ಸಮೀಕರಣ ನಿಲ್ಲಿಸಿ ನಾಲ್ಕು ದಿನ ಬರೀ ಕೂಡು-ಕಳೆ ಚಿಹ್ನೆ ಮಾಡಿಸಿದೆ.

ನಡುವೆ ಒಂದು ಬೇರೆ ಪ್ರಯೋಗ. ಅಡಿಕೆ ಕೊಯ್ಲಿನ ಸಮಯಕ್ಕೆ ಹಾಜರಿ ಇಳಿಯುತ್ತದಲ್ಲ, ಆಗ ಮನೆಯಲ್ಲಿ ಹಸಿ ಅಡಿಕೆ ತೂಗಿ, ಒಣಗಿದ ಮೇಲೆ ಮತ್ತೆ ತೂಗಿ ಶೇಕಡಾ ತನ್ನಿ ಎಂದೆ. ತಂದರು. ಚೀಟಿಯಲ್ಲಿ ಶೇಕಡಾ ತಪ್ಪುತ್ತಿದ್ದ ಹುಡುಗಿ ಮನೆಯ ಲೆಕ್ಕ ಒಂದಿಷ್ಟೂ ತಪ್ಪಿಲ್ಲದೆ ಮಾಡಿದ್ದಳು. ಮಕ್ಕಳಿಂದಲೇ ಪ್ರಶ್ನೆ ತೆಗೆಸುವ ಪ್ರಯೋಗ ಮಾತ್ರ ಹತ್ತಲಿಲ್ಲ. ಎಲ್ಲರೂ ಗೈಡ್ ನೋಡಿ ಬರೆದರು.

ಪೋಷಕರ ಸಭೆಯಲ್ಲಿ "ನಮ್ಮ ಹುಡ್ಗ ಎಷ್ಟು ತಗಂಡ ಮೇಷ್ಟ್ರೇ?" ಅನ್ನುವ ಪ್ರಶ್ನೆ ತಪ್ಪಿದ್ದಲ್ಲ. ಜೂನ್‌ನ ಚೀಟಿ, ನವೆಂಬರಿನ ಚೀಟಿ ಪಕ್ಕಪಕ್ಕ ಇಟ್ಟು ಗೆರೆ ಎಣಿಸಿ ಅಂದೆ. ಎಣಿಸಿದ ಮೇಲೆ ಮಾತಾಡಲಿಲ್ಲ. ಕಲಿಕೆಯ ನಡುವಿನ ರೂಪಣಾತ್ಮಕ, ಅವಧಿ ಕೊನೆಯ ಸಂಕಲನಾತ್ಮಕ ಪರೀಕ್ಷೆಗಳ ಅಂಕವನ್ನು ಎಲ್ಲರಂತೆ ನಾನೂ ತುಂಬುತ್ತೇನೆ, ಚೀಟಿ ಅದಕ್ಕೆ ಸೇರೋದಿಲ್ಲ.

ಕಳೆದ ಬ್ಯಾಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಗಣಿತ ಹೋದದ್ದು ಇಬ್ಬರಿಗೆ, ಅವರೂ ಪರೀಕ್ಷೆ-2ರಲ್ಲಿ ದಾಟಿದರು. ವಿಜ್ಞಾನದ ಮೇಡಂ ಈಗ ತಪ್ಪಿನ ಪುಸ್ತಕದ ಮಾದರಿ ಒಯ್ದಿದ್ದಾರೆ. ಥೇಲ್ಸ್ ಪ್ರಮೇಯದಂಥ ತ್ರಿಭುಜದ ಸಾಧನೆ ಮಾತ್ರ ಈ ಕಾಲು ಹಾಳೆಯಲ್ಲಿ ಹಿಡಿಸೋದಿಲ್ಲ, ಚಿತ್ರಕ್ಕೇ ಜಾಗ ಮುಗಿಯುತ್ತದೆ. ಬರುವ ಜೂನ್‌ನಿಂದ ಅದಕ್ಕೆ ಅರ್ಧ ಹಾಳೆ ಕೊಟ್ಟು ನೋಡಬೇಕು.