ಬಿಳಿ ಟ್ಯೂಬ್ ಬದಿಗಿಟ್ಟ ಮೇಲೆ ಅಮ್ಮನ ಕೈ ಬಂತು

ತೈಲವರ್ಣದಲ್ಲಿ ಕಪ್ಪು ಮೈ ಬಿಡಿಸುವಾಗ ಬಿಳಿ ಬಣ್ಣ ಬೆರೆಸಲೇಬಾರದು ಎಂದು ನಾನು ಹೇಳಿದಾಗ ಜೊತೆಯ ಕಲಾವಿದರು ಯಾರೂ ಒಪ್ಪಲಿಲ್ಲ. 11ನೇ ಕ್ಯಾನ್ವಾಸ್‌ನಲ್ಲಿ ಕೆಲಸ ಗೆದ್ದಿತು, ಅದಕ್ಕೇ ಬರೆಯುತ್ತಿದ್ದೇನೆ.

ಚಿತ್ರ ಅಮ್ಮ ಅಡಿಕೆ ಸುಲಿಯುತ್ತಿರುವುದು. ಚೊಗರು ಹತ್ತಿ ಬೆರಳು ಕಪ್ಪಾಗಿರುತ್ತದಲ್ಲ, ಆ ಕೈ ನನಗೆ ಬೇಕಿತ್ತು. ಮೊದಲ 6 ಸಲ ಬರ್ನ್ಟ್ ಅಂಬರ್ ಎಂಬ ಗಾಢ ಕಂದಿಗೆ ಟೈಟಾನಿಯಂ ವೈಟ್ ಎಂಬ ಬಿಳಿ ಬೆರೆಸಿ ಬೆಳಕು ತಂದೆ. ಕೈಗೆ ಬೂದಿ ಬಳಿದ ಹಾಗೆ ಕಾಣಿಸಿತು. ಬ್ರಿಟಿಷ್ ಚಿತ್ರಕಾರ ಲೂಸಿಯನ್ ಫ್ರಾಯ್ಡ್ ಕ್ರೆಮ್ನಿಟ್ಜ್ ವೈಟ್ ಎಂಬ ಸೀಸದ ಬಿಳಿಯನ್ನು ಧಾರಾಳವಾಗಿ ಬಳಸಿದರು, ಅಲ್ಲಿ ಆ ದಪ್ಪ ಬಣ್ಣವೇ ಮಾಂಸದಂತೆ ತೂಗುತ್ತದೆ. ಅಮ್ಮನ ಮೈಗೆ ಆ ದಾರಿ ಅಲ್ಲ.

ದಾರಿ ಸಿಕ್ಕಿದ್ದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ. ಚಿತ್ರಕಾರ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಎಷ್ಟೋ ಜನ ತೈಲವರ್ಣ ಅಂದುಕೊಳ್ಳುತ್ತಾರೆ, ಅದು ಜಲವರ್ಣ. ಜಲವರ್ಣದಲ್ಲಿ ಕಾಗದದ ಬಿಳಿಯೇ ಬೆಳಕು ಅಲ್ವಾ? ನಾನೂ ಕ್ಯಾನ್ವಾಸಿನ ಬಿಳಿ ಗ್ರೌಂಡ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಪದರ, ಉಳಿಸಿಕೊಂಡೆ. ಕೆಳಗೆ ತೆಳ್ಳಗೆ ಟೆರ್ ವೆರ್ಟ್ ಎಂಬ ಮಣ್ಣಿನ ಹಸಿರು, ಮೇಲೆ ಕೆಂಗಂದು ಬರ್ನ್ಟ್ ಸಿಯೆನ್ನಾ ಮತ್ತು ಕಡುಗೆಂಪು ಅಲಿಜರಿನ್, ಸುಮಾರು 9 ಗ್ಲೇಜ್, ಅಂದರೆ ಕೆಳಗಿನದು ಕಾಣುವಷ್ಟು ತೆಳು ಪದರ. ಬೆಳಕು ಒಳಗೆ ಹೋಗಿ ಗ್ರೌಂಡ್‌ಗೆ ತಾಗಿ ವಾಪಸ್ ಬರುತ್ತದೆ, ಚರ್ಮದ ಕೆಳಗೆ ರಕ್ತ ಇದೆ ಅನ್ನಿಸುತ್ತದೆ. ಗೆಣ್ಣುಗಳ ಮೇಲೆ ಮಾತ್ರ ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿಯನ್ನು ಚಾಕುವಿನಿಂದ ದಪ್ಪಗೆ ಮೆತ್ತಿದೆ. ತಂಗಿ ಬಂದವಳು ಮುಖ ನೋಡಲಿಲ್ಲ, ಆ ಗಂಟುಗಳನ್ನೇ ನೋಡಿ ‘ಎಷ್ಟು ವರ್ಷ ಸುಲಿದಳೋ’ ಎಂದಳು. ಇದನ್ನು ನುಣ್ಣಗೆ ಬಳಿದು ಹೇಳಲು ಆಗುತ್ತಿರಲಿಲ್ಲ. ಗ್ಲೇಜ್‌ಗೆ ಬಣ್ಣದ ಜೊತೆ ಬೆರೆಸುವ ಮೀಡಿಯಂನ ಅಳತೆ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೆಟ್ಟದ್ದೂ ಬಹಳ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ, ಬೇಸಿಗೆಯಲ್ಲಿ 4–5 ದಿನಕ್ಕೆ ಒಣಗುವ ಪದರ 2 ವಾರವಾದರೂ ಅಂಟಂಟು. 8ನೇ ಚಿತ್ರದಲ್ಲಿ ತಾಳ್ಮೆಗೆಟ್ಟು ಎಣ್ಣೆ ಜಾಸ್ತಿ ಇದ್ದ ಪದರದ ಮೇಲೆ ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ಬಣ್ಣ ಎಳೆದೆ, ಮುಂದಿನ ಬೇಸಿಗೆಗೆ ಮೊಣಕೈ ಹತ್ತಿರ ಬಿರುಕು ಬಿಟ್ಟಿತು. ಎಲ್ಲ ಸೇರಿ 28 ಸಾವಿರ ರೂಪಾಯಿ ಹತ್ತಿರ ಹೋಗಿದೆ, ಅರ್ಧ ಬರೀ ಬಣ್ಣಕ್ಕೆ.

ನಡುವೆ ತೋಟದ ಕೆಮ್ಮಣ್ಣನ್ನೂ ತೊಳೆದು, ಬಟ್ಟೆಯಲ್ಲಿ ಸೋಸಿ, ಗಾಜಿನ ಮೇಲೆ ಅಗಸೆ ಎಣ್ಣೆಯಲ್ಲಿ ಅರೆದೆ. ಮೊದಲು ಅಂಗಡಿಯ ಅಡುಗೆ ಎಣ್ಣೆಯಲ್ಲಿ ಅರೆದದ್ದು ತಿಂಗಳಾದರೂ ಒಣಗಲಿಲ್ಲ. ಚಿತ್ರಕಲೆಗೆಂದೇ ಸಿಗುವ ಶುದ್ಧ ಅಗಸೆ ಎಣ್ಣೆಯಲ್ಲಿ ಚೆನ್ನಾಗಿ ಬಂತು, ಸಿಯೆನ್ನಾಗಿಂತ ತುಸು ಒರಟು. ಚಿತ್ರದಲ್ಲಿ ಅಮ್ಮ ಕೂತ ಅಂಗಳ ಪೂರ್ತಿ ಅದೇ ತೋಟದ ಮಣ್ಣು.

ವಾರ್ನಿಷ್‌ಗೆ ಇನ್ನೂ 6 ತಿಂಗಳು ಕಾಯಬೇಕು. ಅಷ್ಟರಲ್ಲಿ ಅಪ್ಪನ ಪಾದ ಶುರು ಮಾಡಿದ್ದೇನೆ.